ಅತಿಥಿಗಳ ಹೆಗಲ ಮೇಲೆ ಪದವಿ ಕಾಲೇಜು

ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಲ್ಲಿ ಯಾರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಅರ್ಹತೆ ಇದೆ, ಯಾರಿಗಿಲ್ಲ ಎಂಬ ಜಗಳ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ನೆಟ್, ಕೆ-ಸೆಟ್ ಅಥವಾ ಪಿಎಚ್.ಡಿ. ಪಡೆದವರು ಒಂದು ಕಡೆ. ಇವು ಯಾವುವೂ ಇಲ್ಲದೆ ಹದಿನೈದು ವರ್ಷ ಪಾಠ ಮಾಡಿದವರು ಇನ್ನೊಂದು ಕಡೆ. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರ ಬಾಯಿಂದ ಕಸಿದದ್ದು ಎಂಬಂತೆ ಇಬ್ಬರೂ ಕಿತ್ತಾಡುತ್ತಿದ್ದಾರೆ. ನೀವು ಯಾರ ಪರ ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಇದು: ಇವರಿಬ್ಬರೂ ಹತ್ತು ತಿಂಗಳ ಕೆಲಸಕ್ಕಾಗಿ ಹೊಡೆದಾಡುವ ಸ್ಥಿತಿ ತಂದವರು ಯಾರು? ಖಾಯಂ ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿ ಬಿಟ್ಟ ಸರ್ಕಾರಗಳು. ಇದರಲ್ಲಿ ಪಕ್ಷಭೇದವೇ ಇಲ್ಲ.

ಹುದ್ದೆ ಖಾಲಿ ಬಿಟ್ಟದ್ದರ ಪರಿಣಾಮ ತಿಳಿಯಬೇಕಾದರೆ, ಸೆಮಿಸ್ಟರ್ ಶುರುವಾದ ಹೊಸದರಲ್ಲಿ ತಾಲ್ಲೂಕು ಕೇಂದ್ರದ ಯಾವುದಾದರೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೋಗಿ ನೋಡಿ. ನೋಟಿಸ್ ಬೋರ್ಡಿನಲ್ಲಿ ವೇಳಾಪಟ್ಟಿ ಇರುತ್ತದೆ, ಎಷ್ಟೋ ಪಿರಿಯಡ್ಡುಗಳಿಗೆ ಮೇಷ್ಟ್ರು ಇರುವುದಿಲ್ಲ. ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದ ಹುಡುಗಿ ಒಂದೋ ಎರಡೋ ಕ್ಲಾಸ್ ಕೇಳಿ, ಮಧ್ಯಾಹ್ನದ ಬಸ್ಸು ಬರುವವರೆಗೆ ಕಾರಿಡಾರಿನಲ್ಲಿ ಕೂತಿರುತ್ತಾಳೆ. ಹೀಗೇ ಒಂದು ತಿಂಗಳಾದರೆ ಮನೆಯಲ್ಲಿ ಮಾತು ಬರುತ್ತದೆ: ‘ಪಾಠಾನೇ ನಡೆಯಲ್ಲ ಅಂದ್ಮೇಲೆ ದಿನಾ ಹೋಗಿ ಏನ್ ಮಾಡ್ತೀಯವ್ವಾ?’ ಶಕ್ತಿ ಯೋಜನೆಯಿಂದ ಅವಳ ಬಸ್ ಚಾರ್ಜು ಉಳಿದಿದೆ, ಅದು ದೊಡ್ಡ ಉಪಕಾರವೇ. ಆದರೆ ಬಸ್ಸಿಳಿದು ಅವಳು ಬಂದದ್ದು ಪಾಠಕ್ಕೆ. ಆನ್‌ಲೈನ್ ಅರ್ಜಿ, ಮೆರಿಟ್ ಪಟ್ಟಿ, ಕೌನ್ಸೆಲಿಂಗ್ ಎಲ್ಲ ಮುಗಿದು ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ಇಂಟರ್ನಲ್ಸ್ ತಲೆಯ ಮೇಲೆ ಬಂದಿರುತ್ತದೆ. ಪಠ್ಯ ಓಡುತ್ತದೆ. ಝೆರಾಕ್ಸ್ ಅಂಗಡಿಯ ನೋಟ್ಸೇ ಗತಿಯಾಗುತ್ತದೆ. ಮೇಲಿಂದ, 2021ರಲ್ಲಿ ಎನ್‌ಇಪಿ ಪಠ್ಯ ತಂದರು, 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂದರು. ಆಗ ಒಂದೇ ಕಾಲೇಜಿನಲ್ಲಿ ಮೊದಲ ವರ್ಷಕ್ಕೊಂದು, ಮೇಲಿನ ವರ್ಷಗಳಿಗೊಂದು ಪಠ್ಯಕ್ರಮ. ಈ ಎರಡನ್ನೂ ಸಂಭಾಳಿಸಿದವರಲ್ಲಿ ಹೆಚ್ಚಿನವರು ಈ ಅತಿಥಿಗಳೇ.

ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳಿವೆ. ಅಲ್ಲಿ ದುಡಿಯುವ ಅತಿಥಿ ಉಪನ್ಯಾಸಕರು ಹತ್ತು ಸಾವಿರಕ್ಕೂ ಹೆಚ್ಚು, ಖಾಯಂ ಅಧ್ಯಾಪಕರಿಗಿಂತ ಹೆಚ್ಚು. ಗುತ್ತಿಗೆ ಬೋಧಕರು ಒಟ್ಟು ಬೋಧಕ ಹುದ್ದೆಗಳ ಶೇ 10ನ್ನು ಮೀರಬಾರದು, ಅವರ ಸಂಬಳ ಖಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ವೇತನಕ್ಕಿಂತ ಕಡಿಮೆ ಇರಬಾರದು ಎನ್ನುತ್ತದೆ ಯುಜಿಸಿಯ 2018ರ ನಿಯಮಾವಳಿ. ‘ಗುತ್ತಿಗೆ’ಯ ಬದಲು ‘ಅತಿಥಿ’ ಎಂದು ಕರೆದ ಮಾತ್ರಕ್ಕೆ ಈ ಮಾತಿನ ಆಶಯದಿಂದ ಸರ್ಕಾರ ನುಣುಚಿಕೊಳ್ಳಬಹುದೇ? ಅರ್ಹತೆಯ ಷರತ್ತು ಹಾಕುವಾಗ ಇದೇ ಯುಜಿಸಿ ನಿಯಮ ಶಿರಸಾವಹಿಸಬೇಕಾದ ಆಜ್ಞೆ, ಸಂಬಳ ಮತ್ತು ಮಿತಿಯ ಮಾತು ಬಂದಾಗ ಅದು ಕಡತದಲ್ಲೇ ಉಳಿಯುತ್ತದೆ. ಇದು ಅನ್ಯಾಯ.

2022ರ ಜನವರಿಯವರೆಗೆ ಈ ಉಪನ್ಯಾಸಕರಿಗೆ ಸಿಗುತ್ತಿದ್ದ ಗೌರವಧನ ತಿಂಗಳಿಗೆ 11ರಿಂದ 13 ಸಾವಿರ ರೂಪಾಯಿ. ಅವರ ಮುಷ್ಕರದ ನಂತರ ಅದು 26ರಿಂದ 32 ಸಾವಿರಕ್ಕೇರಿತು, ಜೊತೆಗೆ ವಾರದ ಕಾರ್ಯಭಾರ 15 ಗಂಟೆಗೇರಿತು. ಇದ್ದ ಗಂಟೆಗಳು ಕಡಿಮೆ ಜನರಿಗೆ ಹಂಚಿಹೋಗಿ ಎಷ್ಟೋ ಮಂದಿ ಇದ್ದ ಕೆಲಸವನ್ನೂ ಕಳೆದುಕೊಂಡರು. 2023ರ ನವೆಂಬರಿನಲ್ಲಿ ಮತ್ತೆ ತರಗತಿ ಬಹಿಷ್ಕಾರ, ಅದರ ಮುಂದುವರಿಕೆಯಾಗಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ. ಇನ್ನೊಂದಿಷ್ಟು ಏರಿಕೆ, ಇಡಿಗಂಟಿನ ಭರವಸೆ ಸಿಕ್ಕಿತು. ಖಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನವೇ 57,700 ರೂಪಾಯಿ. ಪಾಠ ಅದೇ, ಮೌಲ್ಯಮಾಪನ ಅದೇ, ನ್ಯಾಕ್ ತಂಡ ಬಂದಾಗ ರಾತ್ರಿಯವರೆಗೆ ಕೂತು ಸಿದ್ಧಪಡಿಸುವ ಫೈಲೂ ಅದೇ.

ಖಾಯಂ ಮಾಡಿ ಎಂದರೆ ಅಧಿಕಾರಿಗಳು ಉಮಾದೇವಿ ಪ್ರಕರಣವನ್ನು ಮುಂದಿಡುತ್ತಾರೆ. ಕರ್ನಾಟಕದಿಂದಲೇ ಹೋದ ಆ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ತಾತ್ಕಾಲಿಕ ನೌಕರರಿಗೆ ಖಾಯಮಾತಿಯ ಹಕ್ಕಿಲ್ಲ ಎಂದದ್ದು ನಿಜ. ಆದರೆ ಖಾಯಂ ಕೆಲಸಕ್ಕೆ ಕೊನೆಯಿಲ್ಲದೆ ತಾತ್ಕಾಲಿಕ ನೌಕರರನ್ನೇ ಇಟ್ಟುಕೊಳ್ಳಲು ಆ ತೀರ್ಪು ಪರವಾನಗಿ ಕೊಟ್ಟಿಲ್ಲ. ಅದನ್ನು ಗುರಾಣಿ ಮಾಡಿಕೊಂಡು ದೀರ್ಘಕಾಲ ದುಡಿದವರಿಗೆ ಅನ್ಯಾಯ ಮಾಡುವುದನ್ನು 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಟೀಕಿಸಿತು. 2025ರ ಆಗಸ್ಟಿನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ, ತಿಂಗಳಿಗೆ 30 ಸಾವಿರ ಪಡೆಯುತ್ತಿದ್ದವರಿಗೆ ಖಾಯಂ ಹುದ್ದೆಯ ಕನಿಷ್ಠ ವೇತನಶ್ರೇಣಿ ಕೊಡಿ ಎಂದು ಆದೇಶಿಸಿತು. ನಮ್ಮ ಉನ್ನತ ಶಿಕ್ಷಣ ಇಲಾಖೆ ಈ ತೀರ್ಪುಗಳನ್ನೂ ಓದಬೇಕು.

ಹಾಗಾದರೆ ಅರ್ಹತೆ ಬೇಡವೇ? ಬೇಕು. ಸರ್ಕಾರಿ ಕಾಲೇಜಿಗೆ ಬರುವ ಮಗುವಿಗೆ ಸಿಗುವ ಮೇಷ್ಟ್ರು ಖಾಸಗಿ ಕಾಲೇಜಿನ ಮೇಷ್ಟ್ರಿಗಿಂತ ಒಂದು ತೂಕ ಕಡಿಮೆ ಇರಲಿ ಎನ್ನಲು ನಾನು ಸಿದ್ಧನಿಲ್ಲ. ಸೇವಾ ಹಿರಿತನವೊಂದೇ ಸಾಕು ಎಂಬ ಸಂಘಟನೆಗಳ ವಾದವನ್ನೂ ಒಪ್ಪಲಾರೆ. ಆದರೆ ಅರ್ಹತೆ ಗಳಿಸಲು ದಾರಿ ಬೇಡವೇ? 2021ರ ಜುಲೈನಲ್ಲಿ ಕೆ-ಸೆಟ್ ನಡೆದ ಮೇಲೆ ಮುಂದಿನದು ನಡೆದದ್ದು 2024ರ ಜನವರಿಯಲ್ಲಿ. ಅರ್ಹರಿಗಾದರೂ ಕೆಲಸ ಸಿಕ್ಕಿತೇ ಎಂದರೆ, 1,242 ಸಹಾಯಕ ಪ್ರಾಧ್ಯಾಪಕರ ನೇಮಕಾತಿಗೆ 2021ರಲ್ಲಿ ಅಧಿಸೂಚನೆ ಹೊರಡಿಸಿ, 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆಸಿ, ಆಯ್ಕೆಯಾದವರು ಕಾಲೇಜು ಸೇರುವಷ್ಟರಲ್ಲಿ ವರ್ಷಗಳೇ ಉರುಳಿದ್ದವು. ನೆಟ್ ಪಾಸಾದ ಇಪ್ಪತ್ತೇಳರ ಯುವಕ ಮುಂದಿನ ಅಧಿಸೂಚನೆಗೆ ಕಾಯುತ್ತಲೇ ಮೂವತ್ತೈದು ದಾಟುತ್ತಾನೆ.

ಯುಜಿಸಿ 2025ರ ಜನವರಿಯಲ್ಲಿ ಪ್ರಕಟಿಸಿದ ಕರಡು ನಿಯಮಾವಳಿಯಲ್ಲಿ ಗುತ್ತಿಗೆ ಬೋಧಕರ ಮೇಲಿನ ಆ ಶೇ 10ರ ಮಿತಿಯೇ ಮಾಯವಾಗಿತ್ತು. ಅದೇ ಕರಡಿನ ವಿರುದ್ಧ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ವಿವಿಧ ರಾಜ್ಯಗಳ ಉನ್ನತ ಶಿಕ್ಷಣ ಸಚಿವರನ್ನು ಸೇರಿಸಿದ್ದು ಕರ್ನಾಟಕ ಸರ್ಕಾರ. ಕುಲಪತಿಗಳ ನೇಮಕದಲ್ಲಿ ರಾಜ್ಯದ ಅಧಿಕಾರ ಉಳಿಯಬೇಕೆಂದು ಅಲ್ಲಿ ಮಂಡಿಸಿದ ವಾದಕ್ಕೆ ನನ್ನ ಸಹಮತವಿದೆ. ಆದರೆ ಕುಲಪತಿ ಯಾರೆಂಬುದಕ್ಕೆ ತೋರಿದ ಕಾಳಜಿಯ ಅರ್ಧವನ್ನಾದರೂ ತರಗತಿಯಲ್ಲಿ ಪಾಠ ಮಾಡುವವರು ಯಾರೆಂಬುದಕ್ಕೆ ತೋರಬೇಕು.

ಮಾಡಬೇಕಾದ್ದು ಗೊತ್ತಿಲ್ಲದ ವಿಷಯವೇನಲ್ಲ. ಪ್ರತಿ ವರ್ಷ ನಿವೃತ್ತಿಯಾಗುವಷ್ಟು ಹುದ್ದೆಗಳಿಗೆ ಅದೇ ವರ್ಷ ಅಧಿಸೂಚನೆ ಹೊರಡಬೇಕು. ಆ ನೇಮಕದಲ್ಲಿ ಅತಿಥಿ ಉಪನ್ಯಾಸಕರ ಸೇವೆಗೆ ಕೃಪಾಂಕ, ವಯೋಮಿತಿಯಲ್ಲಿ ಸಡಿಲಿಕೆ ಇರಬೇಕು. ಅರ್ಹತೆ ಇಲ್ಲದವರಿಗೆ ಮೂರು ವರ್ಷದ ಗಡುವು ಕೊಡಲಿ, ಆ ಅವಧಿಯಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಕೆ-ಸೆಟ್ ನಡೆಸಲಿ. ವರ್ಷದ ಹನ್ನೆರಡು ತಿಂಗಳೂ ಸಂಬಳ ಕೊಡಲಿ. ಕಾರ್ಯಭಾರದ ಲೆಕ್ಕ ಬೇಸಿಗೆ ರಜೆಯಲ್ಲೇ ಮುಗಿಸಿ, ಪ್ರವೇಶ ಶುರುವಾಗುವ ಮೊದಲೇ ಕೌನ್ಸೆಲಿಂಗ್ ನಡೆಸುವುದಕ್ಕೆ ಯಾವ ಕೋರ್ಟಿನ ತಡೆಯೂ ಇರಲಾರದು, ಸರ್ಕಾರ ಸಕಾಲಕ್ಕೆ ತನ್ನ ನಿಯಮ ಸರಿಪಡಿಸಿಕೊಂಡರೆ. ಕ್ಷೇತ್ರಕ್ಕೆ ಕಾಲೇಜು ತಂದೆನೆಂದು ಫ್ಲೆಕ್ಸ್ ಕಟ್ಟಿಸುವ ಶಾಸಕರನ್ನು, ಅಲ್ಲಿ ಖಾಯಂ ಅಧ್ಯಾಪಕರು ಎಷ್ಟಿದ್ದಾರೆ ಎಂದು ಪೋಷಕರು ನೇರವಾಗಿ ಕೇಳಲಿ. ಕೇಳಿ, ಲಿಖಿತ ಉತ್ತರ ಪಡೆಯಲಿ.