192.168 ನಂಬರ್ ಲೀಕ್ ಆದರೆ ಫೋನ್ ಹ್ಯಾಕ್ ಆಗುತ್ತದೆಯೇ?

ಫೋನಿನ ವೈಫೈ ಸೆಟ್ಟಿಂಗ್ಸ್ ತೆರೆದರೆ 192.168.1.5 ಎಂಬಂಥ ನಂಬರ್ ಕಾಣುತ್ತದೆ. ‘ಇದೇ ನಿಮ್ಮ ಐಪಿ ವಿಳಾಸ, ಬೇರೆಯವರಿಗೆ ಸಿಕ್ಕರೆ ಮನೆ ಪತ್ತೆ ಹಚ್ಚುತ್ತಾರೆ, ಫೋನ್ ಹ್ಯಾಕ್ ಮಾಡುತ್ತಾರೆ’ ಎಂಬ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಪಕ್ಕದ ಮನೆಯವರ ಫೋನ್ ನೋಡಿ. ಅಲ್ಲೂ ಇದೇ ನಂಬರ್ ಇರಬಹುದು!

ಹಳೆಯ ಐಪಿ ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸಗಳು. ಎಲ್ಲ ಸಾಧನಗಳಿಗೂ ಅವು ಸಾಲುವುದಿಲ್ಲ. ಹಾಗಾಗಿ 192.168ರಿಂದ ಶುರುವಾಗುವ ವಿಳಾಸಗಳನ್ನೂ, 10ರಿಂದ ಶುರುವಾಗುವಂಥವನ್ನೂ, ಇನ್ನು ಕೆಲವನ್ನೂ ಮನೆ, ಕಚೇರಿಗಳ ಒಳಬಳಕೆಗೆಂದೇ ಬಿಡಲಾಯಿತು. 1996ರ ಈ ನಿಯಮ ಇಂದಿಗೂ ಜಾರಿಯಲ್ಲಿದೆ. ಪ್ರತಿ ಅಪಾರ್ಟ್‌ಮೆಂಟಿನಲ್ಲೂ 302ನೇ ಫ್ಲ್ಯಾಟ್ ಇರುತ್ತದಲ್ಲ, ಹಾಗೆ. ಹೊರಜಗತ್ತಿಗೆ ಕಾಣುವುದು ರೌಟರಿನ ಆಚೆಗಿನ ವಿಳಾಸ ಮಾತ್ರ. ಅದರಿಂದ ಇಂಟರ್ನೆಟ್ ಕಂಪನಿ ಯಾವುದು, ಊರು ಸುಮಾರಾಗಿ ಯಾವುದು ಎಂದು ತಿಳಿಯಬಹುದು, ಮನೆ ನಂಬರ್ ತಿಳಿಯದು.

ಈ ಏರ್ಪಾಡಿನಿಂದ ಪೇಚಿಗೆ ಸಿಕ್ಕವರು ಗೇಮ್ ಆಡುವವರು. 1993ರಲ್ಲಿ ಬಂದ ‘ಡೂಮ್’ ಆಟವನ್ನು ಒಂದೇ ಕಟ್ಟಡದ ನೆಟ್‌ವರ್ಕಿನಲ್ಲಿ ನಾಲ್ವರು ಆಡಬಹುದಿತ್ತು. ಅದರ ಮೊದಲ ಆವೃತ್ತಿ ಕಚೇರಿಗಳ ನೆಟ್‌ವರ್ಕನ್ನೇ ಜಾಮ್ ಮಾಡುತ್ತಿತ್ತು. 1996ರ ‘ಕ್ವೇಕ್’ ಇಂಟರ್ನೆಟ್ ಮೂಲಕವೇ ಆಡಲು ಅವಕಾಶ ಕೊಟ್ಟಿತು. ಮುಂದೆ ಮನೆಗಳಿಗೆ ರೌಟರ್ ಬಂದಾಗ ತೊಡಕು ಶುರುವಾಯಿತು. ಹೊರಗಿನಿಂದ ತಾನಾಗಿ ಬಂದ ಸಂಪರ್ಕ ಯಾವ ಕಂಪ್ಯೂಟರಿಗೆ ಎಂದು ರೌಟರಿಗೆ ಗೊತ್ತಾಗದೆ ಬಾಗಿಲಲ್ಲೇ ತಡೆಯುತ್ತದೆ. ಮನೆಯಿಂದಲೇ ‘ಮೈನ್‌ಕ್ರಾಫ್ಟ್’ ಸರ್ವರ್ ನಡೆಸುವ ಹುಡುಗರು ರೌಟರಿನಲ್ಲಿ 25565ನೇ ಪೋರ್ಟ್ ತೆರೆದಿಡುವುದು ಇದಕ್ಕೇ. ಅದೇನೂ ತಪ್ಪಲ್ಲ. ಆಟ ಬಿಟ್ಟ ಮೇಲೂ ಬಾಗಿಲು ತೆರೆದೇ ಇರುತ್ತದಲ್ಲ, ಚಿಂತೆ ಅದರದ್ದು.

ನಿಜವಾದ ಅಪಾಯ ಎಲ್ಲಿದೆ ಎಂದು ತೋರಿಸಿದ್ದೂ ಗೇಮಿಂಗ್ ಲೋಕವೇ. 2016ರಲ್ಲಿ ಅಮೆರಿಕದ ಮೂವರು ಯುವಕರು ‘ಮಿರಾಯ್’ ಎಂಬ ಕುತಂತ್ರಾಂಶ ಬರೆದರು. ಅದರ ಹಿಂದೆ ಇದ್ದದ್ದು ಮೈನ್‌ಕ್ರಾಫ್ಟ್ ಸರ್ವರ್ ವ್ಯಾಪಾರದ ಪೈಪೋಟಿ! ಹೊರಗಿನಿಂದ ತಲುಪಬಹುದಾದ ಸಿಸಿಟಿವಿ ಕ್ಯಾಮೆರಾ, ರೌಟರುಗಳನ್ನು ಹುಡುಕಿ, ಕಂಪನಿ ಹಾಕಿಕೊಟ್ಟ ಅಡ್ಮಿನ್–ಅಡ್ಮಿನ್ ಥರದ ಸುಮಾರು 60 ಪಾಸ್‌ವರ್ಡ್‌ಗಳನ್ನು ಅದು ಒಂದೊಂದಾಗಿ ಪ್ರಯತ್ನಿಸುತ್ತಿತ್ತು. ಅಷ್ಟರಲ್ಲೇ ಲಕ್ಷಗಟ್ಟಲೆ ಸಾಧನಗಳು ವಶವಾದವು. ಆಮೇಲೆ ಅದರ ಕೋಡ್ ಬಹಿರಂಗವಾಗಿ ಬೇರೆಯವರ ಕೈಗೂ ಸಿಕ್ಕಿತು. ಆ ವರ್ಷದ ಅಕ್ಟೋಬರ್ 21ರಂದು ಇಂಥ ಸಾಧನಗಳ ದಾಳಿಗೆ ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ಹಲವರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಮೂವರೂ 2017ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡರು.

ಆದ್ದರಿಂದ 192.168 ನಂಬರ್ ಮುಚ್ಚಿಡುವ ಅಗತ್ಯವಿಲ್ಲ. ಮನೆಯ ವೈಫೈನಲ್ಲಿದ್ದಾಗ ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಹಾಕಿ, ರೌಟರಿನ ಪುಟ ತೆರೆಯಿರಿ. ಸರಿಯಾದ ವಿಳಾಸ ರೌಟರಿನ ಅಡಿಯ ಚೀಟಿಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಅಲ್ಲಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ನೆಂಟರಿಗೆ ಹೇಳುವ ವೈಫೈ ಪಾಸ್‌ವರ್ಡ್ ಅಲ್ಲ, ಬೇರೆಯದೇ. ‘ಪೋರ್ಟ್ ಫಾರ್ವರ್ಡಿಂಗ್’ ಪಟ್ಟಿಯಲ್ಲಿ ಹಳೆಯ ಆಟದ ಹೆಸರು ಕಂಡರೆ, ಮಗನನ್ನೋ ಮಗಳನ್ನೋ ಒಂದು ಮಾತು ಕೇಳಿ ಅಳಿಸಿಬಿಡಿ.