ವಾದ್ಯಗಾರರ ಪಾಲು

ಅಮೆರಿಕದ ಸಂಗೀತಗಾರ ಕ್ವಿನ್ಸಿ ಜೋನ್ಸರು 2024ನೆಯ ನವೆಂಬರ್ 3ರಂದು ತಮ್ಮ 91ನೆಯ ವಯಸ್ಸಿನಲ್ಲಿ ದಿವಂಗತರಾದಾಗ, ಲೋಕವು ಅವರ 28 ಗ್ರ್ಯಾಮಿ ಪ್ರಶಸ್ತಿಗಳನ್ನೂ, ಮೈಕೆಲ್ ಜಾಕ್ಸನ್ನರಿಗಾಗಿ 1982ರಲ್ಲಿ ಅವರು ಸಿದ್ಧಗೊಳಿಸಿದ ‘ಥ್ರಿಲ್ಲರ್’ ಧ್ವನಿಮುದ್ರಿಕೆಯನ್ನೂ ನೆನೆದು ಕೊಂಡಾಡಿತು. ಆದರೆ ನಮ್ಮ ವಾದ್ಯಗಾರರು ಮನಗಾಣಬೇಕಾದ ಸಂಗತಿ ಆ ಚರಿತ್ರೆಯಲ್ಲಿ ಬೇರೊಂದುಂಟು.

1933ರಲ್ಲಿ ಷಿಕಾಗೋ ನಗರದ ಬಡ ಕೃಷ್ಣವರ್ಣೀಯ ಕುಟುಂಬವೊಂದರಲ್ಲಿ ಹುಟ್ಟಿದ ಜೋನ್ಸರು, ಹನ್ನೊಂದು ವರ್ಷದ ಬಾಲಕನಾಗಿ ತಿಂಡಿ ಕದಿಯಲು ಕಟ್ಟಡವೊಂದನ್ನು ಹೊಕ್ಕಾಗ ಅಲ್ಲೊಂದು ಪಿಯಾನೋ ಕಣ್ಣಿಗೆ ಬಿದ್ದಿತೆಂದು ತಾವೇ ಹೇಳಿಕೊಂಡಿದ್ದಾರೆ. ಕಳ್ಳತನಕ್ಕೆ ಹೋದವನಿಗೆ ಸರಸ್ವತಿ ದೊರೆತಳು! ಶಾಲೆಯ ಮೇಳದಲ್ಲಿ ತಾಳವಾದ್ಯ, ಟ್ಯೂಬಾ, ಟ್ರಾಂಬೋನ್ ಎಲ್ಲವನ್ನೂ ನುಡಿಸಿ ನೋಡಿ, ಕಡೆಗೆ ಟ್ರಂಪೆಟ್ಟಿನಲ್ಲಿ ನೆಲೆಗೊಂಡರು. ಲಯೊನೆಲ್ ಹ್ಯಾಂಪ್ಟನ್ನರ ಮೇಳದಲ್ಲಿ ಊದಿದರು; 1957ರಲ್ಲಿ ಪ್ಯಾರಿಸಿಗೆ ಹೋಗಿ ನಾಡಿಯಾ ಬುಲಾಂಜೆಯವರಲ್ಲಿ ಸಂಯೋಜನೆಯನ್ನು ಅಭ್ಯಸಿಸಿದರು.

ವಿದ್ಯೆಯೇನೋ ಬಂದಿತು, ಅನ್ನ ಬರಲಿಲ್ಲ. 1960ರಲ್ಲಿ ಯೂರೋಪಿನಲ್ಲಿ ಅವರ ಮೇಳವು ನೆಚ್ಚಿಕೊಂಡಿದ್ದ ನಾಟಕವು ನಿಂತುಹೋಗಿ, ಹದಿನೆಂಟು ಮಂದಿ ವಾದ್ಯಗಾರರನ್ನು ಊರಿಂದೂರಿಗೆ ಕರೆದೊಯ್ದು ಸಾಕಬೇಕಾದಾಗ ಅವರು ಸಾಲದಲ್ಲಿ ಮುಳುಗಿದರು. ಸಂಗೀತವೇ ಬೇರೆ, ಸಂಗೀತದ ವ್ಯಾಪಾರವೇ ಬೇರೆಯೆಂಬುದು ಅವರಿಗೆ ಆಗ ಗೊತ್ತಾಯಿತು. ಅವರು ಮರ್ಕ್ಯುರಿ ಎಂಬ ಧ್ವನಿಮುದ್ರಣ ಕಂಪೆನಿಯನ್ನು ಸೇರಿ 1964ರಲ್ಲಿ ಅದರ ಉಪಾಧ್ಯಕ್ಷರಾದರು. ಬಿಳಿಯರ ಒಡೆತನದ ದೊಡ್ಡ ಕಂಪೆನಿಯಲ್ಲಿ ಅಂಥ ಪದವಿಗೇರಿದ ಕೃಷ್ಣವರ್ಣೀಯರಲ್ಲಿ ಅವರೇ ಮೊದಲಿಗರೆಂದು ಹೆಸರಾದರು. ಜಾಸ್ ಸಂಗೀತ ಕೃಷ್ಣವರ್ಣೀಯರದು, ಅದರ ಲಾಭ ಬಹುಮಟ್ಟಿಗೆ ಬಿಳಿಯರದು ಎಂಬ ಏರ್ಪಾಡು ಅಲ್ಲಿ ಬಹುಕಾಲ ನಡೆದಿತ್ತು. ಹತ್ತಿ ನಮ್ಮದು, ಗಿರಣಿ ಮ್ಯಾಂಚೆಸ್ಟರಿನದು ಎಂಬ ದಿನಗಳನ್ನು ಕಂಡ ದೇಶಕ್ಕೆ ಇದನ್ನು ನಾವು ವಿವರಿಸಬೇಕಾಗಿಲ್ಲ.

1974ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯಾಗಿ ಟ್ರಂಪೆಟ್ಟನ್ನು ಕೆಳಗಿಡಬೇಕಾಯಿತು. ಬರಿಯ ವಾದ್ಯಗಾರನಾಗಿದ್ದರೆ ಅಲ್ಲಿಗೆ ಬಾಳು ಮುಗಿಯುತ್ತಿತ್ತು. ಆದರೆ ಯಾವ ಹಾಡನ್ನು ಆರಿಸಬೇಕು, ಯಾರಿಂದ ಯಾವ ವಾದ್ಯವನ್ನು ನುಡಿಸಬೇಕು, ಯಾವುದನ್ನು ಬಿಡಬೇಕೆಂದು ನಿರ್ಣಯಿಸುವ ಸ್ಥಾನದಲ್ಲಿ ಅವರಾಗಲೇ ಕುಳಿತಿದ್ದರು. ಅವರ ಅತಿಪ್ರಸಿದ್ಧ ಧ್ವನಿಮುದ್ರಿಕೆಗಳು ಬಂದದ್ದು ಆಮೇಲೆಯೇ.

ನಮ್ಮಲ್ಲಿಯ ಸ್ಥಿತಿಯೇನು? ಹಳೆಯ ಗ್ರಾಮೊಫೋನ್ ಪ್ಲೇಟುಗಳ ಮೇಲೆ ಹಾಡಿದವರ ಹೆಸರಿರುತ್ತಿತ್ತು. ಪಿಟೀಲಿನವನ ಹೆಸರು ಅನೇಕ ವೇಳೆ ಇರುತ್ತಿರಲಿಲ್ಲ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಶಾಸನದಂತೆ, ಚಲಚ್ಚಿತ್ರದ ಹಾಡು ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಕವಿಗೂ ಸ್ವರಸಂಯೋಜಕನಿಗೂ ಸಲ್ಲುವ ಸಮಪಾಲಿನ ರಾಯಲ್ಟಿಯನ್ನು ಕಂಪೆನಿಯು ಕರಾರಿನ ಮೂಲಕ ಬರೆಸಿಕೊಳ್ಳಲಾಗದು. ವ್ಯಾಪಾರಕ್ಕಾಗಿ ಬಳಸಿದ ವಾದನಕ್ಕೆ ವಾದಕನಿಗೂ ರಾಯಲ್ಟಿ ಸಲ್ಲತಕ್ಕದ್ದೆಂದು ಅದೇ ಶಾಸನವು ವಿಧಿಸುತ್ತದೆ. ಕಾಲ್‌ಶೀಟಿನ ಲೆಕ್ಕದಲ್ಲಿ ಕೂಲಿ ಪಡೆದು ಮನೆಗೆ ಹೋಗುವ ಕೊಳಲಿನವನಿಗೆ ಈ ಮಾತನ್ನು ತಿಳಿಸಿದವರಾರು? ಕನ್ನಡದಲ್ಲಿ ಬರೆದ ಕರಾರುಪತ್ರವನ್ನು ಅವನಿಗೆ ಓದಿ ಹೇಳಿದ ಮೇಲೆಯೇ ರುಜು ಪಡೆಯುವ ಪದ್ಧತಿಯನ್ನೂ, ಪ್ರತಿಯೊಂದು ಧ್ವನಿಮುದ್ರಿಕೆಯಲ್ಲಿಯೂ ವಾದ್ಯಗಾರರೆಲ್ಲರ ಹೆಸರನ್ನು ನಮೂದಿಸುವ ಕ್ರಮವನ್ನೂ ನಮ್ಮ ಚಿತ್ರೋದ್ಯಮಿಗಳು ಕೂಡಲೇ ಜಾರಿಗೆ ತರಬೇಕೆಂದು ನಾವು ಆಗ್ರಹಪಡಿಸುತ್ತೇವೆ.