ಹೆದ್ದಾರಿಯಿಂದ ಅಂತರಜಾಲಕ್ಕೆ: ಚನ್ನಪಟ್ಟಣದ ಗೊಂಬೆ ಮಾರಾಟ ಮತ್ತು ಕಡಿಮೆ ವೆಚ್ಚದ ಜಾಲತಾಣ

(ಸಾರ್ವಜನಿಕರ ಮಾಹಿತಿಗಾಗಿ – ಪ್ರಚಲಿತ ವಿಷಯಗಳ ವಿಶ್ಲೇಷಣೆ)

1. ಹಿನ್ನೆಲೆ

ಆಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಬಣ್ಣವನ್ನು ಒತ್ತಿ ತಯಾರಿಸಲಾಗುವ ಚನ್ನಪಟ್ಟಣದ ಗೊಂಬೆಗಳು ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಉತ್ಪನ್ನಗಳಾಗಿವೆ. ಇವುಗಳ ಬಹುಪಾಲು ಬಿಡಿ ವ್ಯಾಪಾರವು ಹಿಂದಿನಿಂದಲೂ ಬೆಂಗಳೂರು–ಮೈಸೂರು ರಸ್ತೆಯ ಬದಿಯ ಅಂಗಡಿಗಳನ್ನೇ ಅವಲಂಬಿಸಿತ್ತು. 2023ರ ಮಾರ್ಚ್ 12ರಂದು 118 ಕಿ.ಮೀ. ಉದ್ದದ ನೂತನ ಹೆದ್ದಾರಿಯು ಉದ್ಘಾಟನೆಗೊಂಡಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಮೊದಲಾದ ಪಟ್ಟಣಗಳನ್ನು ಹೊರವಲಯದಲ್ಲಿಯೇ ಬಳಸಿ ಸಾಗುವ ಈ ಮಾರ್ಗದಿಂದ ಪ್ರಯಾಣದ ಅವಧಿ ಕಡಿಮೆಯಾಗಿದೆ. ಆದರೆ ದಾರಿಯಲ್ಲಿ ವಾಹನ ನಿಲ್ಲಿಸಿ ಮಕ್ಕಳಿಗೆ ಗೊಂಬೆ ಕೊಳ್ಳುತ್ತಿದ್ದ ಪ್ರಯಾಣಿಕರು ಹಳೆಯ ರಸ್ತೆಯಿಂದ ದೂರವಾಗಿದ್ದಾರೆ. ಗ್ರಾಹಕರು ಅಂಗಡಿಯ ಬಳಿಗೆ ಬಾರದಿದ್ದಲ್ಲಿ ಅಂಗಡಿಯೇ ಗ್ರಾಹಕರ ಬಳಿಗೆ ಹೋಗಬೇಕಾಗುತ್ತದೆ. ಅಂತರಜಾಲ ಮಾರಾಟದ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

2. ಲಭ್ಯವಿರುವ ಎರಡು ಮಾರ್ಗಗಳು

ದೊಡ್ಡ ಮಾರಾಟ ತಾಣಗಳ ಮೂಲಕ ಮಾರುವುದು ಮೊದಲನೆಯ ಮಾರ್ಗ. ಇಲ್ಲಿ ಗ್ರಾಹಕರು ಸಿದ್ಧವಾಗಿರುತ್ತಾರೆ. ಆದರೆ ಪ್ರತಿ ಮಾರಾಟಕ್ಕೂ ಕಮಿಷನ್ ತೆರಬೇಕು. ಯಂತ್ರದಿಂದ ತಯಾರಾದ ಅಗ್ಗದ ಆಟಿಕೆಗಳ ಪಕ್ಕದಲ್ಲಿಯೇ ಬೆಲೆಯ ಸ್ಪರ್ಧೆಗೆ ನಿಲ್ಲಬೇಕು. ಕೇಂದ್ರ ಸರ್ಕಾರದ ಪ್ರೋತ್ಸಾಹದಿಂದ ಸ್ಥಾಪಿತವಾದ ಓ.ಎನ್.ಡಿ.ಸಿ. ಜಾಲವು ಇದಕ್ಕೆ ಪರ್ಯಾಯವನ್ನು ಒದಗಿಸುವ ಪ್ರಯತ್ನವಾಗಿದ್ದು, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿಯೇ ಮೊದಲಿಗೆ ಸಾರ್ವಜನಿಕ ಪ್ರಯೋಗಕ್ಕೆ ತೆರೆದುಕೊಂಡಿತು.

ಸ್ವಂತ ಜಾಲತಾಣವನ್ನು ಹೊಂದುವುದು ಎರಡನೆಯ ಮಾರ್ಗ. ಇಲ್ಲಿ ಬೆಲೆ, ಚಿತ್ರ, ವಿವರಣೆ ಹಾಗೂ ಗ್ರಾಹಕರ ಪರಿಚಯ ಎಲ್ಲವೂ ಕುಶಲಕರ್ಮಿಯ ಕೈಯಲ್ಲಿಯೇ ಉಳಿಯುತ್ತವೆ. ಆದರೆ ಗ್ರಾಹಕರನ್ನು ಕರೆತರುವ ಹೊಣೆಯೂ ಅವರದೇ ಆಗಿರುತ್ತದೆ. ಈಗಾಗಲೇ ಕೊಂಡವರ ವಿಳಾಸ ಹಾಗೂ ದೂರವಾಣಿ ಸಂಖ್ಯೆಗಳನ್ನು ಒಪ್ಪಿಗೆ ಪಡೆದು ಇಟ್ಟುಕೊಂಡಿರುವವರಿಗೆ ಈ ಮಾರ್ಗವು ಹೆಚ್ಚು ಫಲಕಾರಿ. ಹೊಸಬರು ಎರಡೂ ಮಾರ್ಗಗಳನ್ನು ಏಕಕಾಲಕ್ಕೆ ಅನುಸರಿಸಬಹುದು.

3. ವೆಚ್ಚದ ಸ್ವರೂಪ

ಸರಳ ಜಾಲತಾಣಕ್ಕೆ ಮೂರು ಬಗೆಯ ವೆಚ್ಚಗಳಿವೆ.

(ಅ) ತಾಣದ ಹೆಸರು: '.ಇನ್' ಹೆಸರುಗಳನ್ನು ವಾರ್ಷಿಕ ಶುಲ್ಕದ ಮೇಲೆ ನೋಂದಾಯಿಸಲಾಗುತ್ತದೆ. ಕನ್ನಡ ಲಿಪಿಯಲ್ಲಿ '.ಭಾರತ' ಹೆಸರನ್ನು ಪಡೆಯಲು ಸಹ ಅವಕಾಶವಿದೆ. ಮೊದಲ ವರ್ಷದ ರಿಯಾಯಿತಿ ದರವನ್ನು ಮಾತ್ರವಲ್ಲದೆ ನವೀಕರಣದ ದರವನ್ನೂ ಕೇಳಿ ತಿಳಿಯತಕ್ಕದ್ದು. ಹೆಸರು ತಾಣ ನಿರ್ಮಿಸಿಕೊಡುವವರ ಖಾತೆಯಲ್ಲಿರದೆ ಮಾಲೀಕರ ಸ್ವಂತ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು.

(ಆ) ಹಣ ಸ್ವೀಕೃತಿ: 2020ರ ಜನವರಿಯಿಂದ ಯು.ಪಿ.ಐ. ಪಾವತಿಗಳ ಮೇಲೆ ವರ್ತಕರಿಂದ ಎಂ.ಡಿ.ಆರ್. ಶುಲ್ಕವಿಲ್ಲ. ಆದರೆ ಜಾಲತಾಣದಲ್ಲಿ ಪಾವತಿ ಸೌಲಭ್ಯವನ್ನು ಜೋಡಿಸುವ ಸಂಸ್ಥೆಗಳು ತಮ್ಮ ಸೇವೆಗೆ ಪ್ರತ್ಯೇಕ ಶುಲ್ಕ ವಿಧಿಸಬಹುದು. ಉದಾಹರಣೆಗೆ, ಶುಲ್ಕವು ಶೇ. 2 ಎಂದಾದಲ್ಲಿ 500 ರೂ. ಬೆಲೆಯ ಗೊಂಬೆಗೆ 10 ರೂ. ಹಾಗೂ ಅದರ ಮೇಲೆ ಶೇ. 18ರ ಜಿ.ಎಸ್.ಟಿ. ಸೇರಿ 11 ರೂ. 80 ಪೈಸೆ ಕಡಿತವಾಗುತ್ತದೆ. ಆರಂಭದಲ್ಲಿ ದಿನಕ್ಕೆ ಒಂದೆರಡು ಬೇಡಿಕೆಗಳು ಮಾತ್ರ ಬರುವಾಗ ತಾಣದಲ್ಲಿ ಚಿತ್ರ ಹಾಗೂ ಬೆಲೆಗಳನ್ನು ಪ್ರಕಟಿಸಿ, ಹಣವನ್ನು ಯು.ಪಿ.ಐ. ಮೂಲಕ ನೇರವಾಗಿ ಪಡೆಯುವುದೇ ಮಿತವ್ಯಯ. 2022ರ ಅಕ್ಟೋಬರ್ 1ರಿಂದ ಗ್ರಾಹಕರ ಕಾರ್ಡ್ ವಿವರಗಳನ್ನು ಮಾರಾಟಗಾರರು ಸಂಗ್ರಹಿಸಿಡುವಂತಿಲ್ಲ.

(ಇ) ರವಾನೆ: ಅನುಭವವಿಲ್ಲದವರು ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. 2025ರಲ್ಲಿ ಅಂಚೆ ಇಲಾಖೆಯ ರಿಜಿಸ್ಟರ್ಡ್ ಅಂಚೆ ಸೇವೆಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನಗೊಳಿಸಲಾಗಿದ್ದು, ಹಳೆಯ ದರಪಟ್ಟಿಯನ್ನು ನಂಬಿ ಬೆಲೆ ನಿಗದಿಪಡಿಸಿದಲ್ಲಿ ನಷ್ಟ ಸಂಭವಿಸಬಹುದು. ಸರಕು ತಲುಪಿದ ಮೇಲೆ ಹಣ ಪಡೆಯುವ ವಿಧಾನದಲ್ಲಿ ಗ್ರಾಹಕರು ನಿರಾಕರಿಸಿದಲ್ಲಿ ಹೋಗಿ ಬರುವ ಎರಡೂ ವೆಚ್ಚಗಳು ಮಾರಾಟಗಾರರ ಮೇಲೆಯೇ ಬೀಳುತ್ತವೆ. ಆದ್ದರಿಂದ ಪೆಟ್ಟಿಗೆಯೂ ಸೇರಿದಂತೆ ಗೊಂಬೆಯನ್ನು ತೂಗಿದ ನಂತರವೇ ತಾಣದಲ್ಲಿ ಬೆಲೆ ನಮೂದಿಸುವುದು ಸೂಕ್ತ.

4. ತೆರಿಗೆ: 2025ರ ಅನುಭವದ ಪಾಠ

2025ರ ಜುಲೈನಲ್ಲಿ ಯು.ಪಿ.ಐ. ಸ್ವೀಕೃತಿಗಳ ಆಧಾರದ ಮೇಲೆ ರಾಜ್ಯದ ಹಲವು ಸಣ್ಣ ವರ್ತಕರಿಗೆ ಜಿ.ಎಸ್.ಟಿ. ನೋಟಿಸುಗಳು ಜಾರಿಯಾದಾಗ, ಅನೇಕ ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಫಲಕಗಳು ಕಾಣಿಸಿಕೊಂಡವು. ಅಂಗಡಿಯಲ್ಲಿ ನಗದಿಗೆ ಮರಳುವುದು ಸಾಧ್ಯವಿದ್ದರೂ ಅಂತರಜಾಲ ಮಾರಾಟದಲ್ಲಿ ಆ ದಾರಿಯೇ ಇಲ್ಲ. ಅಲ್ಲಿ ಪ್ರತಿಯೊಂದು ರೂಪಾಯಿಯೂ ಬ್ಯಾಂಕಿನ ದಾಖಲೆಯಲ್ಲಿ ಉಳಿಯುತ್ತದೆ. ಮನೆಯ ಹಣ, ಕೈಸಾಲ ಹಾಗೂ ವ್ಯಾಪಾರದ ಹಣ ಒಂದೇ ಖಾತೆಗೆ ಬಂದಿದ್ದಲ್ಲಿ ಅವುಗಳನ್ನು ಬೇರ್ಪಡಿಸಿ ತೋರಿಸುವುದು ಕಷ್ಟ. ಆದಕಾರಣ ಪ್ರತ್ಯೇಕ ಖಾತೆ ಹಾಗೂ ದೈನಂದಿನ ಮಾರಾಟ ಪುಸ್ತಕವು ಜಾಲತಾಣಕ್ಕಿಂತ ಮೊದಲೇ ಸಿದ್ಧವಾಗಿರಬೇಕು.

ನಿಯಮಗಳ ಸಾರಾಂಶ ಈ ಕೆಳಕಂಡಂತಿದೆ:

• ಸರಕುಗಳನ್ನು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವಾರ್ಷಿಕ 40 ಲಕ್ಷ ರೂ. ವಹಿವಾಟಿನವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ.
• ತೆರಿಗೆಗೆ ಒಳಪಡುವ ಸರಕುಗಳನ್ನು ಹೊರ ರಾಜ್ಯಕ್ಕೆ ಮಾರುವವರಿಗೆ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಕಡ್ಡಾಯ. ಜಾಲತಾಣಕ್ಕೆ ರಾಜ್ಯದ ಗಡಿಯಿಲ್ಲದ ಕಾರಣ ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.
• ಕರಕುಶಲ ವಸ್ತುಗಳ ವ್ಯಾಖ್ಯೆಗೆ ಒಳಪಡುವ ಸರಕುಗಳಿಗೆ 20 ಲಕ್ಷ ರೂ. ವಹಿವಾಟಿನವರೆಗೆ ಈ ನಿಯಮದಿಂದ ವಿನಾಯಿತಿ ಇದೆ. ಆದರೆ ಪ್ಯಾನ್ ಇರಬೇಕು, ಹಾಗೂ ಸರಕಿನ ಮೌಲ್ಯ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ಪಡೆಯಬೇಕು.
• ಮಾರಾಟ ತಾಣಗಳ ಮೂಲಕ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣ ವರ್ತಕರಿಗೆ 2023ರ ಅಕ್ಟೋಬರ್ 1ರಿಂದ ಷರತ್ತುಬದ್ಧ ವಿನಾಯಿತಿ ನೀಡಲಾಗಿದೆ.

ಮೂರನೆಯ ಅಂಶವು ಕುಶಲಕರ್ಮಿಗಳಿಗೆ ಅನುಕೂಲಕರವಾಗಿ ಕಂಡರೂ, ಪ್ರತಿ ಸಣ್ಣ ಪೊಟ್ಟಣಕ್ಕೂ ಬಿಲ್ ಸಿದ್ಧಪಡಿಸುವ ಶ್ರಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇಡಿಕೆಗಳು ಹೆಚ್ಚಾದಂತೆ ಸ್ವಯಂಪ್ರೇರಿತ ನೋಂದಣಿಯೇ ಸುಲಭವೆನಿಸಬಹುದು.

5. ಆಟಿಕೆಗಳಿಗೆ ಸಂಬಂಧಿಸಿದ ವಿಶೇಷ ನಿಯಮ

2021ರ ಜನವರಿ 1ರಿಂದ ಆಟಿಕೆಗಳಿಗೆ ಬಿ.ಐ.ಎಸ್. ಗುಣಮಟ್ಟ ಮುದ್ರೆ ಕಡ್ಡಾಯವಾಗಿದೆ. ಕೇಂದ್ರ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ವಸ್ತುಗಳಿಗೆ ಹಾಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರ ಉತ್ಪನ್ನಗಳಿಗೆ ವಿನಾಯಿತಿ ಇದೆ. ಅಂದರೆ ವಿನಾಯಿತಿ ದೊರೆಯುವುದು ಊರಿನ ಹೆಸರಿಗಲ್ಲ, ನೋಂದಣಿಗೆ. ತಲೆಮಾರುಗಳಿಂದ ಕಡೆಯುತ್ತಾ ಬಂದಿದ್ದರೂ ಗುರುತಿನ ಚೀಟಿ ಇಲ್ಲದವರು ಮೊದಲು ಅದಕ್ಕಾಗಿ ಅರ್ಜಿ ಸಲ್ಲಿಸತಕ್ಕದ್ದು.

6. ತಾಣದಲ್ಲಿ ಪ್ರಕಟಿಸಬೇಕಾದ ವಿವರಗಳು

ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020 ಹಾಗೂ ಪೊಟ್ಟಣ ಸಾಮಗ್ರಿಗಳ ನಿಯಮಗಳ ಪ್ರಕಾರ:

1) ಮಾರಾಟಗಾರರ ಹೆಸರು, ವಿಳಾಸ ಹಾಗೂ ಸಂಪರ್ಕ ವಿವರ;
2) ಎಲ್ಲ ಶುಲ್ಕಗಳೂ ಸೇರಿದ ಒಟ್ಟು ಬೆಲೆ ಮತ್ತು ಅದರ ವಿಂಗಡಣೆ;
3) ಪೊಟ್ಟಣದ ಸರಕಾದಲ್ಲಿ ತಯಾರಕರ ವಿವರ, ಪರಿಮಾಣ, ಗರಿಷ್ಠ ಮಾರಾಟ ಬೆಲೆ ಹಾಗೂ ತಯಾರಾದ ದೇಶ;
4) ಹಿಂತಿರುಗಿಸುವಿಕೆ, ಬದಲಾವಣೆ ಹಾಗೂ ಹಣ ಮರುಪಾವತಿಯ ಷರತ್ತುಗಳು;
5) ಕುಂದುಕೊರತೆ ಅಧಿಕಾರಿಯ ಹೆಸರು. ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

7. ಅರ್ಜಿದಾರರ ಗಮನಕ್ಕೆ

ಉದ್ಯಮ್ ನೋಂದಣಿಯು 2020ರ ಜುಲೈ 1ರಿಂದ ಜಾರಿಯಲ್ಲಿದ್ದು ಸಂಪೂರ್ಣ ಉಚಿತವಾಗಿದೆ. ಅಧಿಕೃತ ತಾಣವನ್ನೇ ಹೋಲುವ ಖಾಸಗಿ ತಾಣಗಳಲ್ಲಿ ಶುಲ್ಕ ಪಾವತಿಸಿ ಮೋಸಹೋಗಬಾರದು. ತಾಣ ನಿರ್ಮಾಣಕ್ಕೆ ಮುಂಗಡ ನೀಡುವ ಮೊದಲು, ಬೆಲೆ ಹಾಗೂ ಚಿತ್ರಗಳನ್ನು ಸ್ವತಃ ಬದಲಾಯಿಸಲು ಸಾಧ್ಯವೇ, ಗುಪ್ತಪದಗಳನ್ನು ಹಸ್ತಾಂತರಿಸಲಾಗುವುದೇ ಎಂಬುದನ್ನು ಲಿಖಿತವಾಗಿ ಪಡೆಯುವುದು ಒಳಿತು.

ಹಳೆಯ ರಸ್ತೆಯ ಬದಿಯಲ್ಲಿ ಅಂಗಡಿಯ ಫಲಕವೇ ಗ್ರಾಹಕರನ್ನು ಕರೆಯುತ್ತಿತ್ತು, ಕೈಯಲ್ಲಿ ಹಿಡಿದು ನೋಡಿದ ಗೊಂಬೆಯೇ ವಿಶ್ವಾಸ ಹುಟ್ಟಿಸುತ್ತಿತ್ತು. ಜಾಲತಾಣದಲ್ಲಿ ಆ ಕೆಲಸವನ್ನು ಸ್ಪಷ್ಟವಾದ ಚಿತ್ರ, ನಿಜವಾದ ಅಳತೆ, ಪೂರ್ಣ ವಿಳಾಸ ಹಾಗೂ ಹೇಳಿದ ದಿನಕ್ಕೆ ತಲುಪುವ ಪೊಟ್ಟಣ ಮಾಡಬೇಕಾಗುತ್ತದೆ. ಇವುಗಳಿಗೆ ಹೆಚ್ಚಿನ ಬಂಡವಾಳ ಬೇಕಾಗಿಲ್ಲ, ಶಿಸ್ತು ಬೇಕು.